ತೂತು ಹೊಡೆಸಬೇಡಿ, ಅಕ್ಕೋರೆ

ಪ್ರಶ್ನೆ: ನಾನು ವಿಜಯಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 43. ಎತ್ತರ ಐದಡಿಗೆ ಒಂದು ಕೂದಲೆಳೆ ಕಡಿಮೆ. ಸಕ್ಕರೆ ಅಂಚಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಹೋದ ದೀಪಾವಳಿಗೆ ಸಣ್ಣ ಸೈಜಿನ ಅಲ್ಯೂಮಿನಿಯಂ ಹೈಬ್ರಿಡ್ ಸೈಕಲ್ ಕೊಂಡೆ. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಐದೂವರೆಗೆ ಹೊರಟು ಬಬಲೇಶ್ವರ ರಸ್ತೆಯಲ್ಲಿ ಹೋಗಿ ಬರುವುದು ಸೇರಿ ಮೂವತ್ತು ಕಿಲೋಮೀಟರ್ ಆಗುತ್ತದೆ. ಸೈಕಲ್ ತುಳಿಯುವುದು ರೂಢಿಯಾಯಿತು, ನೀರಿನದೇ ತಾಪತ್ರಯ. ಸೈಕಲ್ ಜೊತೆ ಬಂದ ಕೇಜಿನಿಂದ ಬಾಟಲಿ ಎಳೆದರೆ ಮೇಲಿನ ದಂಡಕ್ಕೆ ಬಡಿಯುತ್ತದೆ, ಸಲೀಸಾಗಿ ಹೊರಗೆ ಬರುವುದಿಲ್ಲ. ಹ್ಯಾಂಡಲ್‌ಗೆ ಕೂರಿಸುವ ಕ್ಲಾಂಪ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಎರಡನೇ ದಿನವೇ ಹಂಪ್ ಮೇಲೆ ಅದು ತಿರುಗಿಕೊಂಡು ಬಾಟಲಿ ರಸ್ತೆಗೆ ಬಿತ್ತು, ಹಿಂದೆ ಬಂದ ಲಾರಿ ಅದರ ಮೇಲೆ ಹರಿಯಿತು (ಚಿತ್ರ ಕಳಿಸಿದ್ದೇನೆ). ಸೈಕಲ್ ಅಂಗಡಿಯವರು, "ಸೀಟಿನ ಪೈಪಿಗೆ ಎರಡ ತೂತ ಹೊಡದ ಬೋಲ್ಟ ಹಾಕತೀನ್ರಿ ಅಕ್ಕೋರ, ಗಟ್ಟಿ ಕುಂದ್ರತದ" ಅನ್ನುತ್ತಾರೆ. ಜೊತೆಯವರು ಬೆನ್ನಿಗೆ ನೀರಿನ ಬ್ಯಾಗ್ ಹಾಕಿಕೊಳ್ಳಿ ಅನ್ನುತ್ತಾರೆ. ನಮ್ಮ ಮನೆಯವರದು ಒಂದೇ ಮಾತು: "ದಾರ್ಯಾಗ ಚಾದಂಗಡಿ ಅದಾವಲ್ಲ, ನಿಂತ ಕುಡಿ." ನನಗೆ ಪ್ಲಾಸ್ಟಿಕ್ ಬಾಟಲಿ ಸೇರುವುದಿಲ್ಲ, ಸ್ಟೀಲಿನದೇ ಬೇಕು. ಬ್ಯಾಸಿಗಿ ಬಂತು. ಏನು ಮಾಡಲಿ?
— ಒಬ್ಬ ಶಿಕ್ಷಕಿ, ವಿಜಯಪುರ

ಉತ್ತರ: ಅಕ್ಕೋರೆ, ವಿಜಯಪುರದವರಿಗೆ ಮೈಸೂರು ಕಡೆಯವನು ಸೈಕಲ್ ಬಗ್ಗೆ ಹೇಳುವುದೆಂದರೆ ಧಾರವಾಡಕ್ಕೆ ಪೇಡೆ ಕಟ್ಟಿಕೊಂಡು ಹೋದ ಹಾಗೆ. ರಾಜ್ಯದ ಸೈಕ್ಲಿಂಗ್ ತಂಡಕ್ಕೆ ಹುಡುಗ ಹುಡುಗಿಯರನ್ನು ಕೊಡುತ್ತಾ ಬಂದಿರುವುದೇ ನಿಮ್ಮ ಜಿಲ್ಲೆ, ಪಕ್ಕದ ಬಾಗಲಕೋಟೆ. ಆದರೂ ಕೇಳಿದ್ದೀರಿ, ಹೇಳುತ್ತೇನೆ. ಮೊದಲ ಮಾತು: ಆ ತೂತು ಬೇಡ.

ಅಂಗಡಿಯವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹಳೆಯ ಕಬ್ಬಿಣದ ಸೈಕಲ್ ಮೇಲೆ ಕೈ ಪಳಗಿದವರಿಗೆ ಪೈಪು ಎಂದರೆ ಪೈಪು, ತೂತು ಎಂದರೆ ತೂತು. ನಿಮ್ಮದು ಅಲ್ಯೂಮಿನಿಯಂ. ಅದರ ಪೈಪು ನೋಡಲು ದಪ್ಪ, ಗೋಡೆ ತೆಳುವು. ಬೆಸುಗೆ ಇರುವ ತುದಿಗಳಲ್ಲಿ ದಪ್ಪ ಬಿಟ್ಟು ನಡುವೆ ತೆಳ್ಳಗೆ ಮಾಡಿರುವುದೂ ಉಂಟು. ಅಲ್ಲಿ ಡ್ರಿಲ್ ಇಟ್ಟರೆ ತೂತಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಗೀರು ಉಳಿಯುತ್ತದೆ. ಕಬ್ಬಿಣವಾದರೆ ಬಹಳ ಕಾಲ ತಾಳಿಕೊಂಡೀತು. ಅಲ್ಯೂಮಿನಿಯಂ ದಿನವೂ ಅಷ್ಟಷ್ಟೇ ದಣಿದು, ಒಂದು ದಿನ ಆ ಗೀರಿನ ಗುಂಟ ಬಿರುಕು ಬಿಡುತ್ತದೆ. ಇನ್ನೊಂದು ತಮಾಷೆ ನೋಡಿ. ಸೀಟಿನ ಪೈಪಿನ ಒಳಗೆ ಸೀಟಿನ ಕಂಬ ಇಳಿದಿರುತ್ತದೆ. ನಿಮ್ಮ ಎತ್ತರಕ್ಕೆ ಅದು ಸಾಕಷ್ಟು ಕೆಳಗೇ ಇಳಿದಿರಬೇಕು. ಬೋಲ್ಟಿನ ತುದಿ ಒಳಗೆ ಚಾಚಿದರೆ ಕಂಬ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಸೀಟು ಮೇಲೆ ಕೆಳಗೆ ಮಾಡಲು ಬರುವುದಿಲ್ಲ. ಕಂಪನಿಯ ಗ್ಯಾರಂಟಿ ಹೋಗುವ ಮಾತು ಬೇರೆ. ಕಾರ್ಖಾನೆಯಲ್ಲೂ ತೂತು ಹೊಡೆದೇ ಬಾಟಲಿಯ ಜಾಗ ಮಾಡುತ್ತಾರಲ್ಲ ಎಂದು ನಿಮ್ಮ ಗಣಿತದ ತಲೆ ಕೇಳೀತು. ನಿಜ. ಆದರೆ ಎಲ್ಲಿ, ಎಷ್ಟು ಎಂದು ಮೊದಲೇ ಲೆಕ್ಕ ಹಾಕಿ ಹೊಡೆದು, ಒಳಗೆ ಮರೆ ಇರುವ ನಟ್ಟು ಕೂರಿಸಿರುತ್ತಾರೆ. ಬೀದಿ ಬದಿಯ ಕೈ ಡ್ರಿಲ್ಲಿಗೆ ಆ ಲೆಕ್ಕ ಗೊತ್ತಿಲ್ಲ. ಕಾರ್ಬನ್ ಫ್ರೇಮ್ ಇರುವವರಂತೂ ಈ ಪ್ಯಾರಾ ಎರಡು ಸಲ ಓದಿಕೊಳ್ಳಿ.

ಇನ್ನು ಲಾರಿ ಹರಿದ ಬಾಟಲಿ. ಚಿತ್ರ ನೋಡಿದೆ, ಪಾಪ, ಚಪಾತಿಯಾಗಿದೆ. ಅದು ಬಿದ್ದದ್ದು ನಿಮ್ಮ ತಪ್ಪಿನಿಂದಲ್ಲ. ಹ್ಯಾಂಡಲ್ ಉರುಟು ಕೊಳವೆ. ಕ್ಲಾಂಪ್ ಅದನ್ನು ಅಪ್ಪಿ ಹಿಡಿಯುವುದು ಬರೀ ಉಜ್ಜಾಟದ ಬಲದ ಮೇಲೆ. ಮುಕ್ಕಾಲು ಲೀಟರ್ ನೀರು, ಬಾಟಲಿ, ಕೇಜು ಎಲ್ಲ ಸೇರಿ ಒಂದು ಕಿಲೋ ಹತ್ತಿರ ತೂಕ ಆ ಕೊಳವೆಯಿಂದ ಒಂದು ಗೇಣು ಆಚೆ ನಿಂತಿರುತ್ತದೆ. ಹಂಪ್ ಹಾರಿದಾಗ ಆ ಒಂದು ಕಿಲೋ ಕ್ಷಣ ಹೊತ್ತು ಮೂರು ನಾಲ್ಕು ಕಿಲೋ ಆಗುತ್ತದೆ. ಸನ್ನೆಗೋಲಿನ ಪಾಠ ನಿಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಮಾಡುತ್ತಾರಲ್ಲ, ಅದೇ ಇದು. ಕ್ಲಾಂಪ್ ತಿರುಗದೆ ಇನ್ನೇನು ಮಾಡೀತು? ಹಾಗೆಂದು ಬಿಗಿ ಮಾಡುತ್ತಾ ಹೋದರೆ ಪ್ಲಾಸ್ಟಿಕ್ ಕಿವಿ ಮುರಿಯುತ್ತದೆ.

ತಿರುಗದೆ ನಿಂತಿತು ಎಂದೇ ಇಟ್ಟುಕೊಳ್ಳಿ. ಆಗಲೂ ಆ ಭಾರ ಹ್ಯಾಂಡಲ್ ಜೊತೆ ತೂಗುತ್ತದೆ. ನಮ್ಮಪ್ಪ ಸಂತೆಯಿಂದ ಬರುವಾಗ ವಾಯರ್ ಬ್ಯಾಗನ್ನು ಹ್ಯಾಂಡಲ್‌ಗೆ ನೇತುಹಾಕುತ್ತಿದ್ದರು. ಬದನೆಕಾಯಿ ಇದ್ದ ದಿನ ಸೈಕಲ್ ನೆಟ್ಟಗೆ ಬರುತ್ತಿತ್ತು, ಕುಂಬಳಕಾಯಿ ಇದ್ದ ದಿನ ಹಾವಿನ ಹಾಗೆ ಬರುತ್ತಿತ್ತು. ಹಾಲಿನವರನ್ನು ಗಮನಿಸಿ, ದೊಡ್ಡ ಕ್ಯಾನುಗಳನ್ನು ಹಿಂದಿನ ಚಕ್ರದ ಎರಡೂ ಬದಿಗೆ, ಎಷ್ಟು ಕೆಳಗೆ ಸಾಧ್ಯವೋ ಅಷ್ಟು ಕೆಳಗೆ ಇಳಿಬಿಟ್ಟಿರುತ್ತಾರೆ. ಭಾರ ಕೆಳಗಿರಬೇಕು, ಹ್ಯಾಂಡಲ್ ಹಗುರ ಇರಬೇಕು. ಹಿಂದಿನ ಕಾಲದ ಯುರೋಪಿನ ರೇಸುಗಾರರ ಪಟಗಳಲ್ಲಿ ಹ್ಯಾಂಡಲ್ ಮುಂದೆ ಜೋಡಿ ಬಾಟಲಿ ಕಾಣುತ್ತವೆ, ನಿಮ್ಮ ಉಪಾಯ ಹೊಸದೇನಲ್ಲ. ಆಮೇಲೆ ಅವರೂ ಬಾಟಲಿಯನ್ನು ಫ್ರೇಮಿನ ಹೊಟ್ಟೆಯೊಳಗೆ ಇಳಿಸಿದರು. (ಬಾಟಲಿ ಎಂದಾಗ ನೆನಪಾಯಿತು. 1952ರ ಟೂರ್ ದ ಫ್ರಾನ್ಸ್‌ನಲ್ಲಿ ಇಟಲಿಯ ಕೊಪ್ಪಿ, ಬಾರ್ತಾಲಿ ಎಂಬ ಬದ್ಧ ಸ್ಪರ್ಧಿಗಳು ಬೆಟ್ಟ ಹತ್ತುತ್ತಾ ಒಬ್ಬರಿಂದೊಬ್ಬರಿಗೆ ನೀರಿನ ಬಾಟಲಿ ದಾಟಿಸಿದ ಚಿತ್ರ ಜಗತ್ಪ್ರಸಿದ್ಧ. ಕೊಟ್ಟವರು ಯಾರು, ಈಸಿಕೊಂಡವರು ಯಾರು ಎಂದು ಇಟಲಿಯವರು ಇವತ್ತಿಗೂ ಜಗಳವಾಡುತ್ತಾರೆ.)

ಆದರೆ ಫ್ರೇಮಿನ ಹೊಟ್ಟೆಯೊಳಗೇ ಇಟ್ಟರೆ ನಿಮಗೆ ಬಾಟಲಿ ಹೊರಗೆ ಬರುವುದಿಲ್ಲ. ಅಸಲು ಸಮಸ್ಯೆ ಇದು, ಉಳಿದದ್ದೆಲ್ಲ ಇದರ ಸುತ್ತ ಬೆಳೆದದ್ದು. ಸಣ್ಣ ಸೈಜಿನ ಫ್ರೇಮಿನಲ್ಲಿ ಮೇಲಿನ ದಂಡಕ್ಕೂ ಕೆಳಗಿನ ಓರೆ ಪೈಪಿಗೂ ನಡುವಿನ ತ್ರಿಕೋನ ಚಿಕ್ಕದು. ಮಾಮೂಲಿ ಕೇಜಿನಿಂದ ಬಾಟಲಿಯನ್ನು ಅದರ ಉದ್ದಕ್ಕೇ, ಮೇಲಕ್ಕೆ ಎಳೆಯಬೇಕು. ಐದು ಅಡಿ ಎಂಟು ಅಂಗುಲದವರ ಸೈಕಲ್‌ನಲ್ಲಿ ಅಷ್ಟು ಜಾಗ ಇರುತ್ತದೆ, ನಿಮ್ಮದರಲ್ಲಿ ಇಲ್ಲ. ಸೈಕಲ್ ಮಾಡುವವರು ಬಾಟಲಿಯ ಜಾಗ ಯೋಚಿಸುವಾಗ ಎತ್ತರದ ಗಂಡಸರನ್ನೇ ಕಣ್ಣಮುಂದೆ ಇಟ್ಟುಕೊಂಡಿರುತ್ತಾರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇದಕ್ಕೆ ಮದ್ದು ಎರಡು, ಎರಡನ್ನೂ ಒಟ್ಟಿಗೆ ಮಾಡಿ. ಒಂದು, ಸೈಡ್ ಕೇಜ್. ಇದರ ಒಂದು ಪಕ್ಕ ತೆರೆದಿರುತ್ತದೆ, ಬಾಟಲಿಯನ್ನು ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಓರೆಯಾಗಿ ತೆಗೆಯಬಹುದು. ಎರಡು, ಮುಕ್ಕಾಲು ಲೀಟರಿನ ಬದಲು ಅರ್ಧ ಲೀಟರಿನ ಗಿಡ್ಡ ಬಾಟಲಿ. ದಪ್ಪ ಅದೇ, ಎತ್ತರದಲ್ಲಿ ಮೂರು ಬೆರಳಿನಷ್ಟು ಕಡಿಮೆ. ನಿಮ್ಮ ಫ್ರೇಮಿಗೆ ಆ ಮೂರು ಬೆರಳೇ ದೊಡ್ಡದು. ಕೇಜ್ ಯಾವ ಕಂಪನಿಯದಾದರೂ ಬೋಲ್ಟಿನ ತೂತು ಹೊಂದುತ್ತದೆಯೋ ಇಲ್ಲವೋ ಎಂಬ ಚಿಂತೆ ಬೇಡ. ಆ ಎರಡು ಬೋಲ್ಟುಗಳ ನಡುವಿನ ದೂರ ಎಲ್ಲ ಕಡೆಯೂ 64 ಮಿಲಿಮೀಟರ್, ಬೋಲ್ಟು 5 ಮಿಲಿಮೀಟರಿನದು, ಅದಕ್ಕೆ ಸಾಧಾರಣವಾಗಿ 4ರ ಅಲೆನ್ ಕೀ. ಸೈಕಲ್ ಲೋಕದಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಕೆಲವೇ ಅಳತೆಗಳಲ್ಲಿ ಇದೊಂದು.

ಸೈಡ್ ಕೇಜಿನಲ್ಲಿ ಎಡಕ್ಕೆ ತೆರೆಯುವುದು, ಬಲಕ್ಕೆ ತೆರೆಯುವುದು ಎಂದು ಎರಡು ಬಗೆ. ಯಾವುದು ಬೇಕು ಎಂದು ಅಂಗಡಿಯವರು ಕೇಳಿದರೆ ಬಹಳ ಜನ ಬಲಗೈಯವರು ಬಲ ಎಂದು ಹೇಳಿ ಮುಗಿಸುತ್ತಾರೆ. ಅದಕ್ಕೆ ಮೊದಲು ಬ್ರೇಕ್ ನೋಡಿ. ಒಂದು ಕೈ ಬಾಟಲಿಗೆ ಹೋದಾಗ ಇನ್ನೊಂದು ಕೈ ಹ್ಯಾಂಡಲ್ ಮೇಲಿರುತ್ತದೆ. ಆ ಕ್ಷಣದಲ್ಲೇ ನಾಯಿ ಅಡ್ಡ ಬಂದರೆ ಹ್ಯಾಂಡಲ್ ಮೇಲಿರುವ ಕೈ ಹಿಂದಿನ ಚಕ್ರದ ಬ್ರೇಕ್ ಹಿಡಿಯುವಂತಿರಬೇಕು. ಒಂದೇ ಕೈಯಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಹ್ಯಾಂಡಲ್ ತಿರುಚಿಕೊಂಡು ನೆಲ ನೋಡಬೇಕಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು, ಎಡಗೈಯದು ಹಿಂದಿನದು. ನಿಮ್ಮದೂ ಹಾಗೇ ಇದ್ದರೆ ಬಾಟಲಿ ತೆಗೆಯುವುದು ಬಲಗೈಯಿಂದ, ಕೇಜು ಬಲಕ್ಕೆ ತೆರೆಯುವಂಥದ್ದು. ಹೊರಗಿನಿಂದ ಬಂದ ಕೆಲವು ಸೈಕಲ್‌ಗಳಲ್ಲಿ ಇದು ತಿರುವುಮುರುವು. ಸೈಕಲ್ ನಿಲ್ಲಿಸಿ, ಒಂದೊಂದೇ ಬ್ರೇಕ್ ಒತ್ತಿ ಯಾವ ಚಕ್ರ ನಿಲ್ಲುತ್ತದೆ ನೋಡಿದರೆ ಅರ್ಧ ನಿಮಿಷದ ಕೆಲಸ.

ದುಡ್ಡು ಕೊಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅರ್ಧ ಲೀಟರಿನ ಯಾವುದಾದರೂ ಬಾಟಲಿಗೆ ನೀರು ತುಂಬಿ, ಕೇಜ್ ಬಿಚ್ಚಿ, ಓರೆ ಪೈಪಿನ ಮೇಲೆ ಬಾಟಲಿಯನ್ನು ಇನ್ಸುಲೇಷನ್ ಟೇಪಿನಿಂದ ಸುತ್ತಿ ನಿಲ್ಲಿಸಿ. ಸೈಕಲ್ ಗೋಡೆಗೆ ಒರಗಿಸಿ ಹತ್ತಿ ಕೂತುಕೊಳ್ಳಿ. ಕಣ್ಣು ರಸ್ತೆಯ ಮೇಲೆ ಇದ್ದ ಹಾಗೇ ಇರಲಿ, ಕೈ ಮಾತ್ರ ಕೆಳಗೆ ಹೋಗಲಿ. ಬೆರಳು ಬಾಟಲಿಯ ಕತ್ತಿಗೆ ತಾನಾಗಿ ತಾಕಿತೋ, ತಡಕಾಡಿತೋ? ತಡಕಾಡಿದರೆ ಬಾಟಲಿಯನ್ನು ಒಂದು ಅಂಗುಲ ಮೇಲೆ ಅಥವಾ ಕೆಳಗೆ ಸರಿಸಿ ಮತ್ತೆ ನೋಡಿ. ಕೇಜನ್ನು ಬೋಲ್ಟಿನ ಜಾಗದಿಂದ ಮೇಲೆ ಕೆಳಗೆ ಜರುಗಿಸಲು ಉದ್ದ ಸೀಳಿರುವ ಪಟ್ಟಿಗಳು ಸಿಗುತ್ತವೆ. ಕೊನೆಗೆ ಪೆಡಲ್ ಹಿಮ್ಮುಖವಾಗಿ ಒಂದು ಸುತ್ತು ತಿರುಗಿಸಿ, ಮೊಣಕಾಲು ಎಲ್ಲಿಯೂ ತಾಗಬಾರದು.

ಎರಡನೇ ಬಾಟಲಿ ಬೇಕೇ? ಲೆಕ್ಕ ಹಾಕೋಣ. ಮೂವತ್ತು ಕಿಲೋಮೀಟರಿಗೆ ನಿಮಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ ಎಂದುಕೊಳ್ಳುತ್ತೇನೆ. ತುಳಿಯುವವರಿಗೆ ಗಂಟೆಗೆ ಅರ್ಧ ಲೀಟರ್ ಎಂಬುದು ಸಾಧಾರಣ ಅಂದಾಜು, ಬಿಸಿಲಿಗೆ ಅದಕ್ಕಿಂತ ಹೆಚ್ಚೇ ಬೇಕು. ನಿಮ್ಮ ಊರಿನ ಏಪ್ರಿಲ್ ಮೇ ತಿಂಗಳು 40 ಡಿಗ್ರಿ ಮುಟ್ಟುವ ಕಾಲ, ಬೆಳಿಗ್ಗೆ ಏಳಕ್ಕೇ ನೆತ್ತಿ ಸುಡುತ್ತದೆ. ಅಂದಮೇಲೆ ಒಂದು ಲೀಟರ್ ಬೇಕು, ಅಂದರೆ ಗಿಡ್ಡ ಬಾಟಲಿ ಎರಡು. ಸಕ್ಕರೆಗೆ ಮಾತ್ರೆ ಶುರುವಾಗಿದ್ದರೆ ಎಷ್ಟು ಕುಡಿಯಬೇಕು, ಜೊತೆಗೆ ಏನು ಇಟ್ಟುಕೊಳ್ಳಬೇಕು ಎಂದು ಡಾಕ್ಟರನ್ನೇ ಕೇಳಿ, ನನ್ನ ಅಂಕಣ ಅಲ್ಲಿಗೆ ಬರುವುದಿಲ್ಲ.

ಸೀಟಿನ ಪೈಪಿನಲ್ಲಿ ಬೋಲ್ಟಿನ ಜಾಗ ಇಲ್ಲದಿದ್ದರೂ ಅಲ್ಲಿ ಕೇಜು ಕೂರಿಸಬಹುದು, ತೂತು ಹೊಡೆಯದೆಯೇ. ಅದಕ್ಕೆಂದೇ ಬೆಲ್ಟಿನ ಮೌಂಟ್ ಬರುತ್ತದೆ. ಒಂದು ಪುಟ್ಟ ಪಟ್ಟಿ, ಹಿಂದೆ ರಬ್ಬರ್, ಎರಡು ಬೆಲ್ಟು, ಮುಂದೆ 64 ಮಿಲಿಮೀಟರ್ ಅಂತರದಲ್ಲಿ ಎರಡು ನಟ್ಟು. ಇದೂ ಉಜ್ಜಾಟದ ಬಲದ ಮೇಲೇ ನಿಲ್ಲುವುದಲ್ಲವೇ, ಹ್ಯಾಂಡಲ್ ಕ್ಲಾಂಪಿನ ಹಾಗೆ ತಿರುಗುವುದಿಲ್ಲವೇ? ಇಲ್ಲಿ ವ್ಯತ್ಯಾಸವಿದೆ. ಭಾರ ಪೈಪಿನಿಂದ ಆಚೆ ಚಾಚಿಲ್ಲ, ಪೈಪಿನ ಉದ್ದಕ್ಕೂ ಮೈಗೆ ಮೈ ಹಚ್ಚಿ ನಿಂತಿದೆ. ಹಿಡಿತ ಎರಡು ಕಡೆ ಇದೆ. ಹಂಪ್ ಬಂದರೆ ಅದು ಕೆಳಗೆ ಜಾರಲು ನೋಡೀತು, ತಿರುಗಲು ನೋಡದು. ಜಾರದಿರಲು ಒಂದು ಉಪಾಯ: ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿರುವ ಹಳೆಯ ಟ್ಯೂಬಿನ ತುಂಡು ಕೇಳಿ ತನ್ನಿ, ಪೈಪಿನ ಎಣ್ಣೆ ಧೂಳು ಒರೆಸಿ ಅದನ್ನು ಒಂದು ಸುತ್ತು ಸುತ್ತಿ, ಅದರ ಮೇಲೆ ಬೆಲ್ಟು ಎಳೆಯಿರಿ. ಸೀಟಿನ ಪೈಪಿನ ಗುಂಟ ಗೇರಿನ ತಂತಿ ಹಾದು ಹೋಗಿದ್ದರೆ ಬೆಲ್ಟು ಅದನ್ನು ಅದುಮಬಾರದು. ಕಟ್ಟಿದ ಮೇಲೆ ಮುಂದಿನ ಗೇರು ಬದಲಾಯಿಸಿ ನೋಡಿ. ಮೊದಲಿಗಿಂತ ಗಟ್ಟಿ ಅನ್ನಿಸಿದರೆ ಬೆಲ್ಟನ್ನು ಎರಡು ಬೆರಳು ಆಚೆ ಸರಿಸಿ. ಮಿಕ್ಕ ಬಾಲ ಕತ್ತರಿಸಿ ಹಾಕಿ. ಬಹಳ ಜನ ಬಾಲ ಬಿಟ್ಟು ಅದು ಚೈನಿಗೆ ಸಿಕ್ಕಿದ ಮೇಲೆ ಮೌಂಟನ್ನು ಬೈಯುತ್ತಾರೆ.

ಸ್ಟೀಲಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಿಮ್ಮ ಜೊತೆ ಸ್ವಲ್ಪ ವಾದ ಮಾಡಬೇಕು. ಸೈಕಲ್ ಕೇಜುಗಳೆಲ್ಲ ಸುಮಾರು 74 ಮಿಲಿಮೀಟರ್ ದಪ್ಪದ ಬಾಟಲಿಗೆ ಮಾಡಿದವು. ಅಡುಗೆಮನೆಯ ಸ್ಟೀಲ್ ಬಾಟಲಿಗಳಿಗೆ ಹೀಗೊಂದು ಅಳತೆ ಇಲ್ಲ. ತೆಳ್ಳಗಿದ್ದರೆ ದಾರಿಯುದ್ದಕ್ಕೂ ಗಲಗಲ ಸದ್ದು, ದಪ್ಪ ಇದ್ದರೆ ಒಳಗೇ ಹೋಗುವುದಿಲ್ಲ. ಸೈಕಲ್ ಬಾಟಲಿಯ ಕತ್ತಿನ ಹತ್ತಿರ ಒಂದು ಸೊಂಟ ಇರುತ್ತದೆ. ಕೇಜಿನ ಗುಬುಟು ಅದರಲ್ಲಿ ಕಚ್ಚಿಕೊಳ್ಳುವುದರಿಂದಲೇ ಬಾಟಲಿ ಹಾರಿ ಬೀಳುವುದಿಲ್ಲ. ನುಣ್ಣನೆಯ ಸ್ಟೀಲಿಗೆ ಆ ಸೊಂಟ ಇಲ್ಲ. ಬಿಸಿ ತಣ್ಣಗೆ ಹಿಡಿದಿಡುವ ಜೋಡಿ ಗೋಡೆಯ ಬಾಟಲಿಯಂತೂ ಖಾಲಿ ಇದ್ದಾಗಲೇ ಪ್ಲಾಸ್ಟಿಕ್ಕಿನ ಮೂರು ನಾಲ್ಕು ಪಟ್ಟು ತೂಗುತ್ತದೆ. ಎಲ್ಲಕ್ಕಿಂತ ಮುಖ್ಯ, ಓಡುವ ಸೈಕಲ್ ಮೇಲೆ ಮುಚ್ಚಳ ತಿರುಗಿಸಿ, ತಲೆ ಹಿಂದಕ್ಕೆ ಬಾಗಿಸಿ ಕುಡಿಯಲು ಆಗುವುದಿಲ್ಲ. ತಲೆ ಬಾಗಿಸಿದರೆ ರಸ್ತೆ ಕಾಣುವುದಿಲ್ಲ. ಹಿಚುಕಿದರೆ ನೀರು ಚಿಮ್ಮುವ ಮೆತ್ತನೆಯ ಬಾಟಲಿ ಬಂದಿರುವುದೇ ಇದಕ್ಕೆ. ಅದರ ಬುಡದ ತ್ರಿಕೋನದಲ್ಲಿ 4 ಅಥವಾ 5 ಎಂದಿದ್ದರೆ ಅದು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಜನ ಹೆದರುವ ಬಿಪಿಎ ಎಂಬ ರಾಸಾಯನಿಕವನ್ನು ಇವುಗಳ ತಯಾರಿಯಲ್ಲಿ ಬಳಸುವುದಿಲ್ಲ. ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಓರೆ ಪೈಪಿನಲ್ಲಿ ಮೆತ್ತನೆಯದು ಇರಲಿ, ಸೀಟಿನ ಪೈಪಿನಲ್ಲಿ ನಿಮ್ಮ ಸ್ಟೀಲಿನದು ಇರಲಿ. ಸ್ಟೀಲಿನದನ್ನು ನೀವು ವಾಪಸು ತಿರುಗುವ ಜಾಗದಲ್ಲಿ ಇಳಿದು ನಿಂತೇ ಕುಡಿಯಿರಿ. ಗಲಗಲ ನಿಲ್ಲಲು ಕೇಜಿನ ಒಳಮೈಗೆ ಅದೇ ಹಳೆ ಟ್ಯೂಬಿನ ಪಟ್ಟಿ ಅಂಟಿಸಿ. ಮಜ್ಜಿಗೆ, ಲಿಂಬೆ ಶರಬತ್ತು ಯಾವುದರಲ್ಲಾದರೂ ತುಂಬಿ, ಮನೆಗೆ ಬಂದ ಕೂಡಲೇ ಮುಚ್ಚಳದ ಕೊಳವೆ ಬಿಚ್ಚಿ ತೊಳೆಯದಿದ್ದರೆ ಎರಡೇ ವಾರಕ್ಕೆ ಕಪ್ಪು ಬೂಷ್ಟು.

ಬೆನ್ನಿನ ಬ್ಯಾಗು ಮಣ್ಣು ದಾರಿಯಲ್ಲಿ, ಗುಡ್ಡದಲ್ಲಿ ತುಳಿಯುವವರಿಗೆ ಒಳ್ಳೆಯದು, ಎರಡೂ ಕೈ ಹ್ಯಾಂಡಲ್ ಮೇಲೇ ಇರುತ್ತವೆ. ನಿಮ್ಮ ಬಿಸಿಲಿಗೆ ಬೆನ್ನ ಮೇಲೆ ಎರಡು ಕಿಲೋ, ಅದರ ಕೆಳಗೆ ಬೆವರಿನ ಮಡು, ಆಮೇಲೆ ಆ ಉದ್ದ ನಳಿಗೆ ತೊಳೆಯುವ ಕೆಲಸ, ಯಾಕೆ ಬೇಕು? ಆಯಸ್ಕಾಂತದ ಮೌಂಟ್ ಕೂಡ ಇದೆ. ಜರ್ಮನಿಯ ಫಿಡ್‌ಲಾಕ್ ಕಂಪನಿಯದು, ಕೇಜೇ ಇಲ್ಲದೆ ಬಾಟಲಿ ಪಕ್ಕಕ್ಕೆ ತಿರುಚಿದರೆ ಕಳಚಿ ಬರುತ್ತದೆ. ಸಣ್ಣ ಫ್ರೇಮಿಗೆ ಹೇಳಿ ಮಾಡಿಸಿದ್ದು, ಸುಳ್ಳಲ್ಲ. ಆದರೆ ದುಬಾರಿ, ಸಾಮಾನ್ಯವಾಗಿ ಅದರದೇ ಬಾಟಲಿ ಬೇಕು, ಅದೊಂದು ಲಾರಿ ಕೆಳಗೆ ಹೋದರೆ ನಿಮ್ಮ ಮನೆಯವರಿಗೆ ಉತ್ತರ ನೀವೇ ಹೇಳಬೇಕು.

ಸೀಟಿನ ಹಿಂದೆ ಕೂರಿಸುವ ಕೇಜು ಬೇಡ, ಅದು ನನ್ನ ಅನುಭವ. ಚಾಮುಂಡಿ ಬೆಟ್ಟ ಇಳಿಯುವಾಗ ಹಂಪ್ ಒಂದರ ಮೇಲೆ ನನ್ನ ಸೀಟಿನ ಹಿಂದಿನ ಬಾಟಲಿ ಹಾರಿ, ಹಿಂದೆ ಬರುತ್ತಿದ್ದ ಗೆಳೆಯನ ಮುಂದಿನ ಚಕ್ರದ ಕೆಳಗೆ ಹೋಯಿತು. ಅವನ ಮೊಣಕೈ ಚರ್ಮ ಪೂರ್ತಿ ಕಿತ್ತು ಹೋಗಿತ್ತು. ನನಗೆ ಬಾಟಲಿ ಹೋದದ್ದು ಗೊತ್ತಾದದ್ದೇ ಕೆಳಗೆ ಬಂದ ಮೇಲೆ. ಕಣ್ಣಿಗೆ ಕಾಣದ ಜಾಗದಲ್ಲಿ ಬಾಟಲಿ ಇಟ್ಟವನ ಪಾಡು ಅದು. ಅವನು ಈಗಲೂ ನನ್ನ ಹಿಂದೆ ತುಳಿಯುವುದಿಲ್ಲ, ಮುಂದೆಯೇ ಹೋಗುತ್ತಾನೆ.

ಬೋಲ್ಟು ಬಿಗಿಯುವ ಕೆಲಸ ನೀವೇ ಮಾಡಿ. ಅಂಗಡಿಯ ಹುಡುಗರು ತಮ್ಮ ತೋಳಿನ ಬಲವೆಲ್ಲ ತೋರಿಸುತ್ತಾರೆ. ಬೋಲ್ಟಿನ ಮರೆಗೆ ಚಿಟಿಕೆ ಗ್ರೀಸು ಸವರಿ, ಮೊದಲು ಬೆರಳಿನಿಂದಲೇ ಎರಡು ಮೂರು ಸುತ್ತು ತಿರುಗಿಸಿ. ಸಲೀಸಾಗಿ ಹೋದರೆ ಮರೆ ಸರಿಯಾಗಿ ಕಚ್ಚಿದೆ ಎಂದು ಅರ್ಥ. ಆಮೇಲೆ ಅಲೆನ್ ಕೀಯ ಉದ್ದ ಭಾಗವನ್ನು ಬೋಲ್ಟಿಗೆ ಕೊಟ್ಟು ಗಿಡ್ಡ ಭಾಗವನ್ನು ಕೈಯಲ್ಲಿ ಹಿಡಿದು ಬಿಗಿಯಿರಿ. ಆ ಗಿಡ್ಡ ಕೈಯಿಂದ ಎಷ್ಟು ಬಿಗಿಯಾಗುತ್ತದೋ ಅಷ್ಟು ಸಾಕು. ಇನ್ನೂ ಬಿಗಿದರೆ ಫ್ರೇಮಿನೊಳಗಿನ ನಟ್ಟು ಕಳಚಿ ಬೋಲ್ಟಿನ ಜೊತೆ ತಾನೂ ಸುತ್ತಲು ಶುರು ಮಾಡುತ್ತದೆ. ಆಗ ಬಿಚ್ಚಲೂ ಆಗದು, ಬಿಗಿಯಲೂ ಆಗದು. ಒಂದು ವಾರ ತುಳಿದ ಮೇಲೆ ಇನ್ನೊಮ್ಮೆ ಕೈ ಹಾಕಿ ನೋಡಿ, ಹೊಸ ಬೋಲ್ಟು ಒಂದು ಸಲ ಸಡಿಲವಾಗುವುದು ಇದ್ದದ್ದೇ.

ಕಡೆಗೆ ನಿಮ್ಮ ಮನೆಯವರ ಮಾತು. ಅವರು ಹೇಳಿದ್ದು ಅರ್ಧ ಸರಿ. ಬೆಳಿಗ್ಗೆ ಐದೂವರೆಗೆ ಎಲ್ಲ ಚಾದಂಗಡಿಯ ಒಲೆಯೂ ಹೊತ್ತಿರುವುದಿಲ್ಲ, ಅದು ತಪ್ಪಿದ ಅರ್ಧ. ನಿಂತು ಕುಡಿ ಅಂದದ್ದು ಮಾತ್ರ ಸರಿ, ಸದ್ಯಕ್ಕೆ. ನಿಮ್ಮ ಕಾಗದದಲ್ಲಿ ಬಾಟಲಿ ಹೊರಗೆ ಬರುವುದಿಲ್ಲ ಎಂದಿದೆಯೇ ಹೊರತು, ಒಂದು ಕೈ ಬಿಟ್ಟು ಸೈಕಲ್ ಓಡಿಸಲು ಬರುತ್ತದೆ ಎಂದು ಎಲ್ಲಿಯೂ ಬರೆದಿಲ್ಲ. ಬರದಿದ್ದರೆ ನಾಚಿಕೆ ಬೇಡ. ಭಾನುವಾರ ಶಾಲೆಯ ಮೈದಾನದಲ್ಲಿ, ಖಾಲಿ ಬಾಟಲಿ ಇಟ್ಟುಕೊಂಡು, ಮೊದಲು ಬಲಗೈ ಹ್ಯಾಂಡಲ್ ಬಿಟ್ಟು ತೊಡೆಯ ಮೇಲೆ ಇಡುವುದು, ಆಮೇಲೆ ಬಾಟಲಿ ಮುಟ್ಟಿ ಬಿಡುವುದು, ಆಮೇಲೆ ತೆಗೆದು ಇಡುವುದು. ಹೊರಗೆ ತೆಗೆಯುವುದಕ್ಕಿಂತ ಕೇಜಿಗೆ ವಾಪಸು ಇಡುವುದೇ ಕಷ್ಟ, ಕಣ್ಣು ಕೆಳಗೆ ಹೋಗಿಬಿಡುತ್ತದೆ. ಅದು ಕೈಗೆ ಬರುವ ತನಕ ರಸ್ತೆಯಲ್ಲಿ ಎಡಕ್ಕೆ ಸರಿದು, ಒಂದು ಕಾಲು ಕೆಳಗಿಟ್ಟು ಕುಡಿಯಿರಿ.

ಹಾಗಾದರೆ ತರಬೇಕಾದ್ದು: ಬಲಕ್ಕೆ ತೆರೆಯುವ ಸೈಡ್ ಕೇಜ್ ಎರಡು (ಬ್ರೇಕ್ ನೋಡಿದ ಮೇಲೆ), ಬೆಲ್ಟಿನ ಮೌಂಟ್ ಒಂದು, ಅರ್ಧ ಲೀಟರಿನ ಮೆತ್ತನೆಯ ಬಾಟಲಿ ಒಂದು. ಟ್ಯೂಬಿನ ತುಂಡಿಗೆ ಪಂಕ್ಚರ್ ಅಂಗಡಿಯವರು ದುಡ್ಡು ಕೇಳಲಾರರು. ಎಲ್ಲ ಕಟ್ಟಿ ಆದ ಮೇಲೆ ಇನ್ನೊಂದು ಚಿತ್ರ ಕಳಿಸಿ, ಚೈನ್ ಇರುವ ಬದಿಯಿಂದ ತೆಗೆದದ್ದು. ಬೆಲ್ಟಿನ ಬಾಲ ಎಲ್ಲಿ ಬಂದಿದೆ ನೋಡಿ ಹೇಳುತ್ತೇನೆ.